ತೂಕದಮ್ಮನ ನಲವತ್ತು ನಿಮಿಷ

ನಮ್ಮ ವಿಮಾನ ನಿಲ್ದಾಣವನ್ನು ನಿಲ್ದಾಣ ಎಂದು ಕರೆಯಲು ನನಗೇ ಸಂಕೋಚ. ಒಂದು ಹಜಾರ, ಎರಡು ಬಾಗಿಲು, ಸಾಲಾಗಿ ಕುರ್ಚಿಗಳು, ಅದರಲ್ಲಿ ನಾಲ್ಕಕ್ಕೆ ಬೆನ್ನಿಲ್ಲ. ಮೂಲೆಯಲ್ಲಿ ನನ್ನ ಕ್ಯಾಂಟೀನು: ಚಹಾ, ಕಾಫಿ, ಬನ್ನು, ಅಷ್ಟೇ. ಎದುರು ಗೋಡೆಯ ಮೇಲೆ ಒಂದು ಹಲಗೆ. ಆಚೆ ಊರಿಗೆ ಗಾಳಿಯ ದಾರಿ ನೂರೈವತ್ತು ಕಿಲೋಮೀಟರು, ಹಾರಾಟದ ಸಮಯ ನಲವತ್ತು ನಿಮಿಷ ಎಂದು ಅದರಲ್ಲಿ ಬರೆದಿದೆ. ರಸ್ತೆಯ ಲೆಕ್ಕ ಬರೆದಿಲ್ಲ, ಬರೆದರೆ ಓದಿದವರಿಗೇ ಸೊಂಟ ನೋಯುತ್ತದೆ. ಎರಡು ಊರುಗಳ ನಡುವೆ ಗುಡ್ಡಸಾಲು ಅಡ್ಡ ಬಿದ್ದಿದೆ. ಬಸ್ಸು ಅದನ್ನು ಸುತ್ತಿ ಬಳಸಿ ಹೋಗಬೇಕು. ಬೆಳಿಗ್ಗೆ ಹತ್ತಿದವರು ಕತ್ತಲಾದ ಮೇಲೆ ಇಳಿದು, ತಮ್ಮ ಕಾಲು ಎಲ್ಲಿದೆ ಎಂದು ಹುಡುಕುತ್ತಾರೆ.

ನನ್ನನ್ನು ಕೇಳಿದರೆ ಆ ನಲವತ್ತು ನಿಮಿಷ ಎನ್ನುವುದೇ ದೊಡ್ಡ ಮೋಸ. ದೂರದ ಊರಿಗೆ ಹೋಗುವವರು ದಿನ ಗೊತ್ತುಮಾಡಿ, ಬಟ್ಟೆ ಜೋಡಿಸಿ, ಹೊರಟೇಬಿಡುತ್ತಾರೆ. ನಲವತ್ತು ನಿಮಿಷದ ಊರಿಗೆ ಯಾವತ್ತು ಬೇಕಾದರೂ ಹೋಗಬಹುದಲ್ಲ, ಹಾಗಾಗಿ ಯಾವತ್ತೂ ಹೋಗುವುದಿಲ್ಲ. ನಮ್ಮ ತೂಕದಮ್ಮ ಹಾಗೆ ಹೋಗದೆ ಉಳಿದದ್ದು ಏಳು ವರ್ಷ. ದಿನಾ ಜನರನ್ನು ಆ ಊರಿಗೆ ಹತ್ತಿಸಿ ಕಳಿಸುತ್ತಿದ್ದವಳೇ ಅವಳು. ಆ ಊರಿನಲ್ಲಿ ಅವಳ ಒಡಹುಟ್ಟಿದ ಅಕ್ಕ ಇದ್ದಳು.

ನಮ್ಮಲ್ಲಿಗೆ ಬರುವುದು ಹನ್ನೆರಡು ಜನರ ಪುಟ್ಟ ವಿಮಾನ. ಅದಕ್ಕೆ ಜನ ಎಷ್ಟು ಎನ್ನುವುದಕ್ಕಿಂತ ಭಾರ ಎಷ್ಟು ಎನ್ನುವುದು ಮುಖ್ಯ. ಹತ್ತುವವರನ್ನೆಲ್ಲ ಚೀಲದ ಸಮೇತ ಯಂತ್ರದ ಮೇಲೆ ನಿಲ್ಲಿಸಿ ತೂಗಬೇಕು, ಕ್ಯಾಪ್ಟನ್ನರನ್ನೂ ಬಿಡುವಂತಿಲ್ಲ. ದಪ್ಪಗಿದ್ದವರು ಮುಂದೆ, ತೆಳ್ಳಗಿದ್ದವರು ಹಿಂದೆ. ಗಂಡ ಹೆಂಡತಿ ಬೇರೆ ಬೇರೆ ಕೂರಬೇಕಾಗಿ ಬಂದು ಮುನಿಸಾದದ್ದು ಎಷ್ಟೋ. ಗಂಡಸರಂತೂ ಯಂತ್ರ ಹತ್ತಿದ ತಕ್ಷಣ ಹೊಟ್ಟೆ ಒಳಗೆಳೆದುಕೊಳ್ಳುತ್ತಾರೆ. ಹೊಟ್ಟೆ ಒಳಗೆ ಹೋದರೆ ಅದರ ಭಾರ ಎಲ್ಲಿಗೆ ಹೋಗುತ್ತದೋ, ಅವರೇ ಹೇಳಬೇಕು.

ಈ ತೂಗುವ ಕೆಲಸ ಅವಳದು. ಯಂತ್ರದ ಮುಳ್ಳು ಅವಳಿಗೆ ಮಾತ್ರ ಕಾಣುವಂತೆ ತಿರುಗಿಸಿಟ್ಟಿದ್ದಳು. ಯಾರ ತೂಕವನ್ನೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಚೀಟಿಯಲ್ಲಿ ಬರೆದು ಮಡಚಿ ಕ್ಯಾಪ್ಟನ್ ಕೈಗೆ ಕೊಡುತ್ತಿದ್ದಳು. ಯಾರಾದರೂ ಹಲ್ಲು ಕಿರಿದು ಎಷ್ಟಮ್ಮ ಎಂದು ಕೇಳಿದರೆ, ವಿಮಾನ ಎತ್ತುವಷ್ಟು ಎನ್ನುತ್ತಿದ್ದಳು. ಗಂಡ ತೀರಿಕೊಂಡು ಬಹಳ ಕಾಲವಾಗಿತ್ತು, ಮಕ್ಕಳಿರಲಿಲ್ಲ. ಟೈರು ರಿಪೇರಿ ಅಂಗಡಿಯ ಹಿಂದಿನ ಎರಡು ಕೋಣೆಯಲ್ಲಿ ಒಬ್ಬಳೇ ಇದ್ದಳು. ಅಡುಗೆಮನೆಯ ಕಿಟಕಿ ತೆರೆದರೆ ಗುಡ್ಡಸಾಲು ಕಾಣುತ್ತಿತ್ತು. ಆ ಕಿಟಕಿಯನ್ನು ಅವಳು ಮುಚ್ಚಿಯೇ ಇಡುತ್ತಿದ್ದಳು, ಟೈರಿನ ವಾಸನೆ ಎಂದು ನೆಪ ಹೇಳುತ್ತಿದ್ದಳು. ವಾಸನೆ ಬರುತ್ತಿದ್ದದ್ದು ಮುಂಬಾಗಿಲಿನಿಂದ, ಹಿಂದಿನ ಕಿಟಕಿಯಿಂದಲ್ಲ.

ತೂಕ ಅವಳ ಮನೆತನಕ್ಕೇ ಅಂಟಿಬಂದದ್ದು. ಅಪ್ಪ ಧಾನ್ಯದ ಗೋದಾಮಿನಲ್ಲಿ ತೂಗುವವರು. ಮೂಟೆಯನ್ನು ಒಮ್ಮೆ ಎತ್ತಿ ಇಟ್ಟರೆ ಸಾಕು, ಇಂತಿಷ್ಟು ಎಂದು ಹೇಳಿಬಿಡುತ್ತಿದ್ದರಂತೆ. ರಜೆಯ ದಿನ ಮನೆಯಲ್ಲಿ ಇಬ್ಬರು ಹೆಣ್ಣುಮಕ್ಕಳನ್ನೂ ಒಬ್ಬೊಬ್ಬರಾಗಿ ಎತ್ತಿ, ಕೈಯಲ್ಲಿ ತೂಗಿ ನೋಡಿ, ತೂಕ ಕೂಗಿ ಹೇಳುವುದು ಅಪ್ಪನ ಆಟ. ಕಳೆದ ಸಲಕ್ಕಿಂತ ಇಳಿದಿದ್ದರೆ ಅಮ್ಮನ ಕಡೆ ಒಂದು ನೋಟ. ಅಮ್ಮ ಆ ದಿನ ಆ ಮಗುವಿನ ತಟ್ಟೆಗೆ ಒಂದು ತುತ್ತು ಜಾಸ್ತಿ ಹಾಕುತ್ತಿದ್ದಳು. ಆ ಮನೆಯಲ್ಲಿ ತೂಕ ಹೇಳುವುದೆಂದರೆ ಮುದ್ದೂ ಹೌದು, ಊಟ ಹಾಕುವವಳ ಮೇಲೆ ದೂರೂ ಹೌದು. ಇದನ್ನು ನೆನಪಿಡಿ. ಮುಂದೆ ನಡೆದದ್ದಕ್ಕೆಲ್ಲ ಇದೇ ಬೇರು.

ಅಕ್ಕ ಮದುವೆಯಾಗಿ ಆಚೆ ಊರಿಗೆ ಹೋದಳು. ಭಾವ ಅಲ್ಲಿ ಅಂಚೆಯವರು. ಅಪ್ಪ ಹೋದ ಮೇಲೆ ಅಮ್ಮ ಅಕ್ಕನ ಮನೆ ಸೇರಿದಳು. ತೂಕದಮ್ಮನಿಗೆ ಇಲ್ಲಿ ಕೆಲಸ ಸಿಕ್ಕಿತು, ಮೊದಲ ಸಂಬಳದಲ್ಲಿ ಅಕ್ಕನಿಗೆ ಒಂದು ಹಳದಿ ಶಾಲು ಕಳಿಸಿದಳು. ವರ್ಷಕ್ಕೊಮ್ಮೆ ಸಿಬ್ಬಂದಿಗೆ ಪುಕ್ಕಟೆ ಪ್ರಯಾಣ ಉಂಟು. ಮೊದಲೆರಡು ಸಲ ಹೋಗಿ ಬಂದಳು, ಆಮೇಲೆ ನಾಳೆ ನಾಡಿದ್ದು ಎಂದು ದೂಡಿದಳು. ನಲವತ್ತು ನಿಮಿಷ ತಾನೇ.

ಒಂದು ದಿನ ಅಮ್ಮ ತೀರಿಕೊಂಡಳೆಂದು ಫೋನ್ ಬಂತು. ಆವತ್ತಿನ ವಿಮಾನದಲ್ಲೇ ಹೋದಳು. ಮಂಚದ ಮೇಲಿದ್ದ ಅಮ್ಮನನ್ನು ಹಜಾರಕ್ಕೆ ತರಬೇಕಿತ್ತು. ಇವಳು ಮುಂದೆ ಹೋಗಿ ಬೆನ್ನ ಕೆಳಗೊಂದು, ಮೊಣಕಾಲ ಕೆಳಗೊಂದು ಕೈ ಕೊಟ್ಟು ಎತ್ತಿದಳು. ಎತ್ತಿದ್ದೇ ತಡ, ಬಾಯಿಂದ ಹೊರಬಂತು: "ಮೂವತ್ತೊಂದು."

ಕೋಣೆ ತುಂಬ ಜನ. ಬೇರೆ ಯಾರಿಗೂ ಅದೇನೆಂದು ಅರ್ಥವಾಗಿರಲಿಕ್ಕಿಲ್ಲ, ಅಕ್ಕನಿಗೆ ಆಯಿತು.

"ಮೂರು ವರ್ಷ ಬಾಯಿಗೆ ತುತ್ತಿಟ್ಟವಳು ನಾನು," ಎಂದಳು ಅಕ್ಕ. "ನಲವತ್ತು ನಿಮಿಷದ ದಾರಿ. ಅವಳಿದ್ದಾಗ ನೀನು ಎಷ್ಟು ಸಲ ಬಂದೆ? ಈಗ ಬಂದು ತೂಕ ನೋಡ್ತೀಯಾ?"

ದೂರಬೇಕೆಂದು ಹೇಳಿದ್ದಲ್ಲ, ಅಪ್ಪನ ಹಾಗೆ ಬಾಯಿಗೆ ಬಂದುಬಿಟ್ಟಿತು ಕಣೇ ಎಂದು ಅವಳು ನನ್ನೆದುರು ಎಷ್ಟು ಸಲ ಅತ್ತಿದ್ದಾಳೋ. ನನ್ನೆದುರು ಅತ್ತು ಏನು ಬಂತು, ಅಳಬೇಕಾದದ್ದು ಅಕ್ಕನ ಮುಂದೆ. ಅದನ್ನು ನೇರವಾಗಿ ಹೇಳಿಯೂ ಇದ್ದೆ. ಇನ್ನು ನನ್ನ ಮನೆ ಮೆಟ್ಟಿಲು ಹತ್ತಬೇಡ ಎಂದಿದ್ದಾಳೆ ಅಕ್ಕ, ಅವಳಾಗಿ ಕರೆಯುವವರೆಗೆ ಹೋಗಲಾರೆ ಎನ್ನುತ್ತಿದ್ದಳು. ಫೋನ್ ಎರಡು ಮನೆಯಲ್ಲೂ ಇತ್ತು. ಇವಳು ಮಾಡಲಿ ಎಂದು ಅವಳು, ಅವಳು ಮಾಡಲಿ ಎಂದು ಇವಳು. ಹಠದಲ್ಲಿ ಮಾತ್ರ ಇಬ್ಬರೂ ಒಂದೇ ತೂಕ.

ಬಟ್ಟೆಯ ವಿಷಯ ಶುರುವಾದದ್ದು ಆಮೇಲೆ. ಅಕ್ಕನ ಮನೆ ಆ ಊರಿನ ರನ್‌ವೇಗೆ ಸ್ವಲ್ಪ ಮೊದಲು, ನೀಲಿ ನೀರಿನ ಟ್ಯಾಂಕಿನ ಪಕ್ಕದಲ್ಲಿ. ಇಳಿಯುವ ವಿಮಾನ ಆ ತಾರಸಿಯ ಮೇಲೆಯೇ, ತಗ್ಗಿನಲ್ಲಿ ಹಾದುಹೋಗಬೇಕು. ಒಂದು ದಿನ ತೂಕದಮ್ಮ ಚೀಟಿ ಕೊಡುತ್ತ ಕ್ಯಾಪ್ಟನ್ನರನ್ನು, ಏನೋ ಹೊತ್ತು ಹೋಗದವಳಂತೆ, ಆ ಟ್ಯಾಂಕಿನ ಪಕ್ಕದ ತಾರಸಿಯಲ್ಲಿ ಏನು ಒಣಗುತ್ತಿತ್ತು ಎಂದು ಕೇಳಿದಳು. ಕ್ಯಾಪ್ಟನ್ ತಮಾಷೆಯ ಮನುಷ್ಯ, ಕನಿಕರ ಉಳ್ಳವರು, ನಮ್ಮ ಈ ಒಂದೇ ಮಾರ್ಗದಲ್ಲಿ ಹೋಗಿ ಬಂದು ತಲೆ ನರೆಸಿಕೊಂಡವರು. ಮರುದಿನ ನೋಡಿಕೊಂಡು ಬಂದು ಹೇಳಿದರು: ಎರಡು ಖಾಕಿ ಅಂಗಿ, ಒಂದು ಹೂವಿನ ಹೊದಿಕೆ, ಟವೆಲು. ಅವಳು ತಲೆಯಾಡಿಸಿ, ಏನೂ ಆಗದವಳಂತೆ ಪೆನ್ಸಿಲು ಚೂಪು ಮಾಡತೊಡಗಿದಳು. ಅಂದಿನಿಂದ ಅದು ದಿನದ ರೂಢಿಯಾಯಿತು. ಅವಳು ಕೇಳುವುದು, ಅವರು ಹೇಳುವುದು, ನಾನು ಚಹಾ ಸೋಸುತ್ತ ಕಿವಿ ಕೊಡುವುದು.

ಬಟ್ಟೆಯಿಂದಲೇ ಅವಳು ಅಕ್ಕನ ಸಂಸಾರವನ್ನು ಓದುತ್ತಿದ್ದಳು. ಖಾಕಿ ಅಂಗಿ ಕಾಣದಾದಾಗ ಭಾವ ನಿವೃತ್ತರಾದರು ಎಂದಳು. ಅಕ್ಕನ ಮಗಳ ಶಾಲೆಯ ಫ್ರಾಕು ಹೋಗಿ ಬಣ್ಣದ ಬಟ್ಟೆ ಬಂತು, ಆಮೇಲೆ ಅವೂ ಇಲ್ಲವಾದವು. ಮದುವೆ ಮಾಡಿಬಿಟ್ಟರು ಕಣೇ, ಚಿಕ್ಕಮ್ಮನಿಗೆ ಒಂದು ಮಾತಿಲ್ಲ ಎಂದು ಆ ದಿನ ಬನ್ನು ಮುಟ್ಟಲಿಲ್ಲ. ಮತ್ತೊಂದು ವರ್ಷ ಕ್ಯಾಪ್ಟನ್ ಹಜಾರದ ಬಾಗಿಲಲ್ಲೇ ನಿಂತು, ಇವತ್ತು ಹಗ್ಗದ ತುಂಬ ಚಿಕ್ಕ ಚಿಕ್ಕ ಬಿಳಿ ಬಟ್ಟೆ, ಕರವಸ್ತ್ರದ ಅಂಗಡಿ ತೆರೆದ ಹಾಗಿದೆ ಎಂದರು. ತೂಕದಮ್ಮ ಯಂತ್ರ ಬಿಟ್ಟು ಓಡಿ ಬಂದು ನನ್ನ ಕೈ ಹಿಡಿದುಕೊಂಡಳು. "ಮಗುವಿನ ಬಟ್ಟೆ ಕಣೇ. ನಾನು ಚಿಕ್ಕಜ್ಜಿ ಆದೆ." ಹಜಾರದಲ್ಲಿದ್ದವರಿಗೆಲ್ಲ ಅವಳ ಲೆಕ್ಕದಲ್ಲಿ ಚಹಾ ಕೊಟ್ಟೆ. ಯಾರು ಹೆತ್ತರು, ಯಾವಾಗ ಹೆತ್ತರು ಎಂದು ಯಾರಿಗೂ ಗೊತ್ತಿಲ್ಲ, ಎಲ್ಲರೂ ಕುಡಿದು ಹರಸಿದರು.

ಅದಾಗಲೇ ಅಕ್ಕನಿಗೂ ವಿಷಯ ಗೊತ್ತಾಗಿತ್ತು. ಯಾರನ್ನೋ ಹತ್ತಿಸಲು ಆ ಊರಿನ ನಿಲ್ದಾಣಕ್ಕೆ ಬಂದಿದ್ದ ಭಾವನಿಗೆ ಕ್ಯಾಪ್ಟನ್ನರೇ ಹೇಳಿದ್ದರು, ನಿಮ್ಮ ನಾದಿನಿ ದಿನಾ ನಿಮ್ಮ ತಾರಸಿ ವಿಚಾರಿಸುತ್ತಾರೆ ಎಂದು. ಅಲ್ಲಿಂದ ಮುಂದೆ ಅಲ್ಲಿಯ ಬಟ್ಟೆಗಳು ವಿಮಾನದ ಹೊತ್ತಿಗೆ ಸರಿಯಾಗಿ, ಸುಕ್ಕಿಲ್ಲದೆ, ಬಣ್ಣದವು ಅಂಚಿಗೆ ಬರುವಂತೆ ನೇತಾಡತೊಡಗಿದವು. ಅದನ್ನು ಕೇಳಿದ ದಿನ ತೂಕದಮ್ಮನ ಮುಖ ಸಂಜೆಯವರೆಗೂ ಬೆಳಗುತ್ತಿತ್ತು. ಹೋಗಿ ಬಾ ಎಂದೆ. ಕರೆಯಲಿ ಎಂದಳು.

ಒಂದು ತೊಡಕಿತ್ತು. ವಿಮಾನ ಯಾವಾಗಲೂ ಗಾಳಿಗೆ ಎದುರಾಗಿ ಇಳಿಯಬೇಕು. ಆ ಊರಿನಲ್ಲಿ ವರ್ಷಕ್ಕೆ ಮೂರು ತಿಂಗಳು ಗಾಳಿ ತಿರುಗಿ ಬೀಸುತ್ತದೆ. ಆಗ ವಿಮಾನ ಇನ್ನೊಂದು ತುದಿಯಿಂದ, ಹೊಳೆಯ ಕಡೆಯಿಂದ ಇಳಿಯುತ್ತದೆ. ವಾಪಸು ಹೊರಡುವಾಗ ಅಕ್ಕನ ಮನೆಯ ಮೇಲೆಯೇ ಏರುತ್ತದೆ ನಿಜ, ಆದರೆ ಮೂಗು ಮೇಲೆತ್ತಿ ಏರುವ ವಿಮಾನದಿಂದ ಕೆಳಗಿನ ತಾರಸಿ ಕಾಣುವುದಿಲ್ಲ. ಕೆಳಗಿದ್ದವರಿಗೆ ಅದೇನು ಗೊತ್ತು, ದಿನಾ ತಲೆಯ ಮೇಲೆ ವಿಮಾನ ಹೋಗುತ್ತಲೇ ಇರುತ್ತದಲ್ಲ. ಆ ಮೂರು ತಿಂಗಳು ಕ್ಯಾಪ್ಟನ್, ಇವತ್ತು ಹೊಳೆ ಕಡೆಯಿಂದ ಇಳಿದೆವಮ್ಮ, ಕಾಣಲಿಲ್ಲ ಎನ್ನುತ್ತಿದ್ದರು. ಒಂದು ವರ್ಷ ಆ ತಿಂಗಳುಗಳಲ್ಲಿ ತೂಕದಮ್ಮ ಊಟ ಬಿಟ್ಟು, ಜ್ವರ ಬಂದು, ಹಜಾರದಲ್ಲೇ ಕುಸಿದಳು. ಅವಳನ್ನು ಎತ್ತಿ ಬೆಂಚಿನ ಮೇಲೆ ಮಲಗಿಸಿದ್ದು ಕ್ಯಾಪ್ಟನ್ನರೇ.

ಮರುವರ್ಷ ಗಾಳಿ ತಿರುಗಿದಾಗ ಕ್ಯಾಪ್ಟನ್ ಕಾಣಲಿಲ್ಲ ಎನ್ನಲಿಲ್ಲ. ಈ ವರ್ಷ ಗಾಳಿ ಇನ್ನೂ ತಿರುಗಿಲ್ಲವೇ ಎಂದು ಅವಳು ಕೇಳಿದ್ದಕ್ಕೆ, ಇಲ್ಲಮ್ಮ, ಅದಕ್ಕೂ ಸೋಮಾರಿತನ ಬಂದಿದೆ ಎಂದು ನಕ್ಕರು. ದಿನಾ ಒಂದೊಂದು ಹೇಳಿದರು: ಹೂವಿನ ಹೊದಿಕೆ, ಟವೆಲು, ನೀಲಿ ಅಂಗಿ. ಹೇಳಿದ್ದನ್ನೇ ಹೇಳಿ ಅವರಿಗೂ ಬೇಜಾರಾಯಿತೋ ಏನೋ. ಅಪ್ಪನ ತೂಗುವ ಆಟ, ಹಳದಿ ಶಾಲಿನ ಕತೆ ಎಲ್ಲ ಅವಳ ಬಾಯಿಂದ ಯಾವಾಗಲೋ ಕೇಳಿದ್ದು ನೆನಪಿತ್ತು. ಒಂದು ದಿನ ಆ ಶಾಲನ್ನೂ ಹೇಳಿಬಿಟ್ಟರು.

ತೂಕದಮ್ಮ ಪೆನ್ಸಿಲು ಬಿಟ್ಟು ಎದ್ದಳು. ಯಾವ ಹಳದಿ, ಅಂಚು ಹೇಗಿತ್ತು, ಎಲ್ಲಿ ಹಾಕಿದ್ದರು ಎಂದು ಕೇಳಿದಳು. ಇದ್ದದ್ದು ಇದ್ದ ಹಾಗೆ ಹೇಳುವುದಕ್ಕೆ ಅಳುಕಿ ನಿಲ್ಲಬೇಕಾಗುತ್ತದೆ, ಇಲ್ಲದ್ದನ್ನು ಹೇಳುವವರಿಗೆ ಆ ತೊಂದರೆ ಇಲ್ಲ. ಅಂಚಿನಲ್ಲೇ ಹಾಕಿದ್ದರಮ್ಮ, ಎಲ್ಲಕ್ಕಿಂತ ಮುಂದೆ ಎಂದರು. ಅವಳು ನೇರ ನನ್ನ ಹತ್ತಿರ ಬಂದಳು. "ಅಕ್ಕ ಶಾಲು ಹೊರಗೆ ತೆಗೆದಿದ್ದಾಳೆ ಕಣೇ. ಕರೀತಿದ್ದಾಳೆ."

ಕರೆದರೆ ಹೊರಡಬೇಕಲ್ಲ. ಇವಳು ಅಲ್ಲೂ ನಲವತ್ತು ನಿಮಿಷದ ಬುದ್ಧಿಯನ್ನೇ ತೋರಿಸಿದಳು. ಯಂತ್ರಕ್ಕೆ ಬದಲಿ ಜನ ಬೇಕು, ಮಗುವಿಗೆ ಏನಾದರೂ ಹೊಲಿಸಬೇಕು, ಮುಂದಿನ ವಾರ. ಹೀಗೇ ಒಂದೂವರೆ ತಿಂಗಳು. ನಡುವೆ ಕ್ಯಾಪ್ಟನ್ ಇನ್ನೂ ನಾಲ್ಕೈದು ಸಲ ಹಳದಿ ಶಾಲು ಕಂಡರು. ಕೊನೆಗೊಂದು ಬೆಳಿಗ್ಗೆ ಹೊಸ ಚಪ್ಪಲಿ ಹಾಕಿಕೊಂಡು, ಚೀಲ ಹಿಡಿದು, ತಾನೇ ಯಂತ್ರ ಹತ್ತಿ, ತನ್ನ ತೂಕವನ್ನು ತಾನೇ ಬರೆದು ಮಡಚಿದಳು. ಚೀಟಿ ತೆಗೆದುಕೊಂಡ ಕ್ಯಾಪ್ಟನ್ ಮುಖ ಬಿಳಿಚಿಹೋಯಿತು. ಇವತ್ತು ಗಾಳಿ ಸರಿಯಿಲ್ಲಮ್ಮ, ವಿಮಾನ ಕುಲುಕುತ್ತದೆ, ಇನ್ನೊಂದು ವಾರ ಬಿಟ್ಟು ಹೋಗಿ ಎಂದರು. ಏಳು ವರ್ಷ ಬಿಟ್ಟಾಯಿತು ಕ್ಯಾಪ್ಟನ್ ಎಂದು ನಗುತ್ತ ಹತ್ತಿ, ತೆಳ್ಳಗಿದ್ದವಳಾದ್ದರಿಂದ ಕಡೆಯ ಸೀಟಿನಲ್ಲಿ ಕೂತಳು. ಅವಳು ನಗುತ್ತ ಹೋದದ್ದನ್ನು ನೋಡಿ ನನಗೂ ಕಣ್ಣು ತುಂಬಿತ್ತು.

ಮುಂದಿನದು ಅವಳು ಆಮೇಲೆ ನನಗೆ ಹೇಳಿದ್ದು. ಗುಡ್ಡಸಾಲು ದಾಟುವವರೆಗೂ ಮೊದಲು ಯಾವ ಮಾತಾಡಬೇಕು ಎಂದೇ ಯೋಚಿಸಿದಳಂತೆ. ತಪ್ಪಾಯ್ತು ಅಕ್ಕ ಎನ್ನಲೇ, ಅಥವಾ ಏನೂ ಅನ್ನದೆ ನೇರ ಅಡುಗೆಮನೆಗೆ ಹೋಗಿ ಚಹಾ ಮಾಡಲೇ. ಎರಡನೆಯದೇ ವಾಸಿ ಎನಿಸಿತು. ವಿಮಾನ ಬಾಗಿ ಇಳಿಯತೊಡಗಿದಾಗ ಕಿಟಕಿಗೆ ಹಣೆಯೊತ್ತಿ ನೀಲಿ ಟ್ಯಾಂಕು ಹುಡುಕಿದಳು. ಕಂಡದ್ದು ಹೊಳೆಯ ಮರಳು. ಆ ಕಡೆ ಕಿಟಕಿಯಲ್ಲೂ ಮರಳು. ಪಕ್ಕದಲ್ಲಿ ವಾರ ವಾರ ಓಡಾಡುವ ಕನ್ನಡಕದ ವ್ಯಾಪಾರಿ ಇದ್ದರು. ಇವತ್ತೇಕೆ ಹೊಳೆ ಕಡೆಯಿಂದ ಎಂದು ಕೇಳಿದಳು. ಇವತ್ತೇನು ಬಂತು, ಗಾಳಿ ತಿರುಗಿ ಮೂರು ತಿಂಗಳಾಗ್ತಾ ಬಂತಲ್ಲ ಎಂದರು ಅವರು. ಇಳಿಯುವಾಗ ಕ್ಯಾಪ್ಟನ್ ಬಾಗಿಲ ಬಳಿ ಇರಲಿಲ್ಲ. ಪ್ರತಿಯೊಬ್ಬರಿಗೂ ಕೈ ಕೊಟ್ಟು ಇಳಿಸುವ ಮನುಷ್ಯ, ಆ ದಿನ ತಮ್ಮ ಸೀಟಿನಲ್ಲೇ ಬೆನ್ನು ಮಾಡಿ ಕೂತಿದ್ದರು.

ಬಾಗಿಲು ತೆರೆದದ್ದು ಭಾವ. "ಈಗ ಬಂದೆಯಾ," ಎಂದರು. ಬೈದದ್ದಲ್ಲ, ಬೈಯುವ ಶಕ್ತಿ ಅವರಿಗಿರಲಿಲ್ಲ.

ಅಕ್ಕನಿಗೆ ಎರಡು ತಿಂಗಳ ಹಿಂದೆ ಲಕ್ವ ಹೊಡೆದು ಬಲಗೈ, ಬಲಗಾಲು ಬಿದ್ದುಹೋಗಿತ್ತು. ಮಾತು ಇತ್ತು. ನಿನ್ನ ತಂಗಿಗೆ ಫೋನ್ ಮಾಡಲೇ ಎಂದು ಭಾವ ಕೇಳಿದರಂತೆ. ಅಕ್ಕ ಬೇಡ ಎಂದಳಂತೆ. ಅವಳು ಏನು ಹೇಳಿದಳೆಂದು ಭಾವ ಹಾಗೇ ಹೇಳಿದರು: "ತಾರಸಿ ಹಗ್ಗದ ಮೇಲೆ ಒಂದು ಚಿಂದಿನೂ ಹಾಕಬೇಡಿ. ಖಾಲಿ ಇರ್ಲಿ. ಖಾಲಿ ಅಂತ ಕೇಳಿದ್ರೆ ಅವಳು ಒಂದು ದಿನಾನೂ ನಿಲ್ಲಲ್ಲ. ನಲವತ್ತು ನಿಮಿಷದ ದಾರಿ."

ಭಾವ ಬಟ್ಟೆಯನ್ನೆಲ್ಲ ಹಿತ್ತಲಲ್ಲಿ ಒಣಗಿಸಿದರು. ದಿನಾ ವಿಮಾನದ ಸದ್ದು ಕೇಳಿದಾಗ ಅಕ್ಕ ಬಾಚಣಿಗೆ ಕೇಳುತ್ತಿದ್ದಳಂತೆ. ತಲೆ ಬಾಚಿಸಿಕೊಂಡು ಬಾಗಿಲ ಕಡೆ ಮುಖ ಮಾಡಿ ಮಲಗುತ್ತಿದ್ದಳಂತೆ. ಖಾಲಿ ಹಗ್ಗದ ಮೇಲೆ ವಿಮಾನ ಹೋಯಿತು, ಮರುದಿನವೂ ಹೋಯಿತು, ವಾರವಾಯಿತು, ತಿಂಗಳಾಯಿತು. ಕೇಳಿಯೂ ಬರಲಿಲ್ಲವಲ್ಲ ಎಂದು ಒಂದೇ ಒಂದು ಸಲ ಅಂದಳಂತೆ. ಆಮೇಲೆ ಬಾಚಣಿಗೆ ಕೇಳುವುದನ್ನು ಬಿಟ್ಟಳು. ಇವಳು ಹೋಗುವುದಕ್ಕೆ ಒಂದು ವಾರ ಮೊದಲು ಎರಡನೇ ಸಲ ಹೊಡೆದು, ಮಾತೂ ಹೋಯಿತು, ಗುರುತೂ ಹೋಯಿತು.

ಹಳದಿ ಶಾಲು ಯಾವಾಗ ಒಗೆದಿರಿ ಎಂದು ತೂಕದಮ್ಮ ಕೇಳಿದಳು. ಭಾವ ಅರ್ಥವಾಗದೆ ನೋಡಿದರು. ಆ ಶಾಲನ್ನು ಅಕ್ಕ ಒಂದು ಸಲವೂ ನೀರಿಗೆ ಹಾಕಿರಲಿಲ್ಲ, ಬಣ್ಣ ಹೋದೀತೆಂದು ಪೆಟ್ಟಿಗೆಯ ತಳದಲ್ಲಿ ಇಟ್ಟಿದ್ದಳು. ಕಳಿಸಿದಾಗ ಹೇಗೆ ಮಡಚಿತ್ತೋ ಹಾಗೇ ಇತ್ತು.

ನನಗೆ ಈ ಭಾಗ ಹೇಳುವಾಗ ಅವಳು ಅಳಲಿಲ್ಲ. ನಾನೇ ಅತ್ತೆ. ಕ್ಯಾಪ್ಟನ್ ಮೇಲೆ ನನಗೆ ಎಂಥ ಸಿಟ್ಟು ಬಂತೆಂದರೆ, ಎದುರಿಗೆ ಸಿಕ್ಕಿದ್ದರೆ ಕುದಿಯುವ ಚಹಾ ಸುರಿದುಬಿಡುತ್ತಿದ್ದೆ. ಭಾವನಿಗೆ ಅವಳು ಕ್ಯಾಪ್ಟನ್ ಮಾತು ಎತ್ತಲೇ ಇಲ್ಲವಂತೆ. ಎತ್ತಿದ್ದರೆ ತನ್ನ ಮೇಲಿನ ತಪ್ಪು ಅರ್ಧ ಇಳಿಯುತ್ತಿತ್ತು. ಏಕೆ ಹೇಳಲಿಲ್ಲ ಎಂದೆ. ಹೇಳಿದರೆ ಅಕ್ಕ ಕಾದದ್ದು ಇನ್ನೂ ವ್ಯರ್ಥ ಆಗುತ್ತಿತ್ತು ಕಣೇ, ಭಾವ ಅದನ್ನು ತಡೆಯುತ್ತಿರಲಿಲ್ಲ ಎಂದಳು.

ಅವಳು ಅಲ್ಲೇ ಉಳಿದಳು. ಮೊದಲ ದಿನ ಹಾಸಿಗೆ ಬದಲಿಸಬೇಕಿತ್ತು. ಭಾವನಿಗೆ ಬೆನ್ನು ನೋವು, ಬಾಗಿ ಎತ್ತಲು ಆಗುತ್ತಿರಲಿಲ್ಲ. ಇವಳೇ ಬೆನ್ನ ಕೆಳಗೊಂದು, ಮೊಣಕಾಲ ಕೆಳಗೊಂದು ಕೈ ಕೊಟ್ಟು ಎತ್ತಿದಳು. ಅದೇ ಮನೆ, ಅದೇ ಮಂಚ. ಎತ್ತಿದ ಕ್ಷಣ ತೂಕ ಕೈಗೆ ತಿಳಿಯಿತು, ನಾಲಿಗೆಯ ತುದಿಗೆ ಬಂದು ನಿಂತಿತು. ತಲೆಯೆತ್ತಿದರೆ ಭಾವ ಅವಳ ಬಾಯಿಯನ್ನೇ ನೋಡುತ್ತಿದ್ದರು. ಎರಡು ತಿಂಗಳಿಂದ ತುತ್ತಿಡುತ್ತಿದ್ದವರು ಅವರು.

"ಭಾರ ಇದ್ದಾಳೆ ಭಾವ," ಎಂದಳು ತೂಕದಮ್ಮ. "ಚೆನ್ನಾಗಿ ನೋಡ್ಕೊಂಡಿದ್ದೀರಿ."

ಭಾವ ಗೋಡೆಗೆ ಮುಖ ಮಾಡಿ ಬಿಕ್ಕಿ ಬಿಕ್ಕಿ ಅತ್ತರಂತೆ. ಹುಟ್ಟಿದಾಗಿನಿಂದ ನಾನು ಹೇಳಿದ ಒಂದೇ ಒಂದು ಸುಳ್ಳು ತೂಕ ಅದು ಎಂದಳು ನನ್ನ ಹತ್ತಿರ. ನಿಜವಾದದ್ದು ಎಷ್ಟೆಂದು ನಾನು ಕೇಳಲಿಲ್ಲ. ಕೇಳಿದರೂ ಹೇಳುತ್ತಿರಲಿಲ್ಲ.

ಆ ಹಳದಿ ಶಾಲನ್ನು ತೆಗೆದು ಅಕ್ಕನಿಗೆ ಹೊದಿಸಿದಳು. ಇನ್ನು ಯಾವ ದಿನಕ್ಕೆಂದು ಇಡುವುದು. ಅಕ್ಕನ ಎಡಗೈ ಬೆರಳುಗಳು ಅದರ ಅಂಚನ್ನು ಹಿಡಿದುಕೊಂಡವು. ಅದು ಗುರುತೋ, ಕೈ ಸುಮ್ಮನೆ ಸಿಕ್ಕಿದ್ದನ್ನು ಹಿಡಿದದ್ದೋ, ತೂಕದಮ್ಮನಿಗೆ ಈಗಲೂ ಗೊತ್ತಿಲ್ಲ. ಗುರುತು ಎಂದುಕೋ, ಯಾರಪ್ಪನ ಗಂಟು ಹೋಗುತ್ತದೆ ಎಂದು ನಾನು ಹೇಳಿದೆ. ಕಾಯಿಲೆಯವರ ಹಾಸಿಗೆ ಎಂದ ಮೇಲೆ ಶಾಲೂ ಕೊಳೆಯಾಯಿತು. ಹಾಸಿಗೆಬಟ್ಟೆಗಳ ಜೊತೆ ಅದನ್ನೂ ಒಗೆದಳು. ಹಿತ್ತಲ ಬಿಸಿಲು ಸಾಲದೆಂದು ಎಲ್ಲವನ್ನೂ ತಾರಸಿಗೆ ಹೊತ್ತಳು. ಎರಡು ತಿಂಗಳಿನಿಂದ ಖಾಲಿಯಿದ್ದ ಹಗ್ಗದ ಧೂಳು ಒರೆಸಿ, ಹಾಸುಬಟ್ಟೆಗಳನ್ನು ಹಾಕಿ, ಶಾಲನ್ನು ಅಂಚಿಗೆ ಹಾಕಿದಳು.

ಗಾಳಿ ಅಷ್ಟರಲ್ಲಿ ಮತ್ತೆ ತಿರುಗಿತ್ತು. ಆ ದಿನ ವಿಮಾನ ಟ್ಯಾಂಕಿನ ಕಡೆಯಿಂದಲೇ ಬಂತು.

ಸಂಜೆ ಕ್ಯಾಪ್ಟನ್ ನನ್ನ ಕ್ಯಾಂಟೀನಿಗೆ ಬಂದು ಕೂತರು. ಚಹಾ ಇಟ್ಟೆ, ಮುಟ್ಟಲಿಲ್ಲ. ನನಗೆ ಆಗ ಇದಾವುದೂ ಗೊತ್ತಿರಲಿಲ್ಲ. ಅವರೇ ಎಲ್ಲ ಹೇಳಿದರು: ಹೋದ ವರ್ಷ ಅವಳನ್ನು ಎತ್ತಿ ಬೆಂಚಿಗೆ ಹಾಕಿದಾಗ ಕರುಳು ಚುರುಕ್ಕೆಂದದ್ದು, ಒಂದೆರಡು ಟವೆಲಿನ ಸುಳ್ಳಿಗೆ ಏನಾದೀತು ಎಂದುಕೊಂಡದ್ದು, ಆ ಊರಿನ ನಿಲ್ದಾಣದಲ್ಲಿ ಅಕ್ಕನ ಕಾಯಿಲೆಯ ಸುದ್ದಿ ಆಮೇಲೆ ಕೇಳಿದ್ದು. "ಇವತ್ತು ಕಂಡೆ," ಎಂದರು. "ಹಳದಿ ಶಾಲು. ನಾನು ಹೇಳಿದ ಹಾಗೇ, ಎಲ್ಲಕ್ಕಿಂತ ಮುಂದೆ. ಪಕ್ಕದಲ್ಲಿ ತೂಕದಮ್ಮ ನಿಂತು ಮೇಲೆ ನೋಡ್ತಿದ್ರು. ಕೈ ಬೀಸಲಿಲ್ಲ. ವಿಮಾನ ಹೇಗೆ ಇಳಿಸಿದೆನೋ ನನಗೇ ಗೊತ್ತಿಲ್ಲ."

ಸುರಿಯಬೇಕೆಂದಿದ್ದ ಚಹಾ ಎಂದೆನಲ್ಲ, ಸುರಿಯಲಿಲ್ಲ. ಆರಿದ್ದನ್ನು ಚೆಲ್ಲಿ ಬೇರೆ ಬಿಸಿ ಚಹಾ ಕೊಟ್ಟೆ. ಸಿಟ್ಟೆಲ್ಲ ಬಂದದ್ದು ಆಮೇಲೆ, ತೂಕದಮ್ಮನ ಬಾಯಿಂದ ಬಾಚಣಿಗೆಯ ಮಾತು ಕೇಳಿದಾಗ.

ಅಕ್ಕ ಆ ವಾರವೇ ಹೋದಳು. ತೂಕದಮ್ಮ ಭಾವನನ್ನು ಮಗಳ ಮನೆಗೆ ತಲುಪಿಸಿ, ಮನೆಗೆ ಬೀಗ ಹಾಕಿ, ಬಸ್ಸಿನಲ್ಲಿ ಬಂದಳು. ಬೆಳಿಗ್ಗೆ ಹತ್ತಿ ಕತ್ತಲಾದ ಮೇಲೆ ಇಳಿದಳು. ವಿಮಾನವಿತ್ತಲ್ಲ, ಪುಕ್ಕಟೆ ಇತ್ತಲ್ಲ ಎಂದೆ. ದೂರ ಎಷ್ಟಿದೆ ಅಂತ ನೋಡಬೇಕಿತ್ತು ಎಂದಳು.

ಮರುದಿನ ಯಂತ್ರದ ಹಿಂದೆ ಬಂದು ಕೂತಳು. ಪೆನ್ಸಿಲು ಚೂಪು ಮಾಡಿಕೊಂಡು ಒಬ್ಬೊಬ್ಬರನ್ನೇ ತೂಗಿದಳು. ಕೊನೆಗೆ ಕ್ಯಾಪ್ಟನ್. ಅವರು ಟೋಪಿ ಕೈಯಲ್ಲಿ ಹಿಡಿದು ಯಂತ್ರ ಹತ್ತಿ, ಶಾಲೆಯಲ್ಲಿ ತಪ್ಪು ಮಾಡಿದವರಂತೆ ನಿಂತರು. ಅವಳು ಮುಳ್ಳು ನೋಡಿದಳು. ಚೀಟಿಯಲ್ಲಿ ಬರೆಯಲಿಲ್ಲ.

"ನಿಮ್ಮ ಮೇಲೆ ಸಿಟ್ಟಿದೆ ಕ್ಯಾಪ್ಟನ್," ಎಂದಳು. "ಅದು ಹೋಗಲ್ಲ."

ಅವರು ತಲೆ ತಗ್ಗಿಸಿದರು.

"ಅರವತ್ತೆಂಟು," ಎಂದಳು, ಹಜಾರಕ್ಕೆಲ್ಲ ಕೇಳುವಂತೆ. "ನಾನು ಹೋಗುವಾಗ ಎಪ್ಪತ್ತೆರಡು ಇದ್ರಿ. ಮನೆಯಲ್ಲಿ ಸರಿಯಾಗಿ ಊಟ ಮಾಡಿ."

ಕುರ್ಚಿಯಲ್ಲಿದ್ದವರು ಇದೇನು, ಕ್ಯಾಪ್ಟನ್ನರ ತೂಕ ಕೂಗಿ ಹೇಳುತ್ತಾಳೆ ಎಂದು ನಕ್ಕರು. ಕ್ಯಾಪ್ಟನ್ ನಗಲಿಲ್ಲ, ನಾನೂ ನಗಲಿಲ್ಲ. ಅವಳ ಅಪ್ಪನ ಆಟ ಗೊತ್ತಿದ್ದವರು ಅಲ್ಲಿ ನಾವಿಬ್ಬರೇ. ನಾನು ಒಂದು ಬನ್ನು ಕಾಗದದಲ್ಲಿ ಸುತ್ತಿ ಕ್ಯಾಪ್ಟನ್ ಕೈಗೆ ಕೊಟ್ಟೆ, ಅವರು ಅದನ್ನು ಹಿಡಿದುಕೊಂಡು ವಿಮಾನದ ಕಡೆ ನಡೆದರು. ತೂಕದಮ್ಮ ಮುಂದಿನ ಚೀಟಿಗೆ ಕೈಹಾಕಿದಳು. ತಾರಸಿಯಲ್ಲಿ ಏನು ಒಣಗುತ್ತಿತ್ತು ಎಂದು ಅವಳು ಆಮೇಲೆ ಕೇಳಲಿಲ್ಲ.